ತಾಉಲ್ ಚರ್ಚಿನ ಕ್ರಿಸ್ತ ಈಗಿರುವುದು ಬಾರ್ಸಿಲೋನಾದಲ್ಲಿ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಸ್ಪೇನ್‌ನ ಹಳೆಯ ಚರ್ಚುಗಳ ಬಗ್ಗೆ ಬಂದ ಲೇಖನದ ಜೊತೆ ತಾಉಲ್ ಹಳ್ಳಿಯ ಸಾಂತ್ ಕ್ಲಿಮೆಂಟ್ ಚರ್ಚಿನ ಒಳಗಿನ ಫೋಟೊ ಇತ್ತು. ಒಂಬೈನೂರು ವರ್ಷಗಳಿಂದ ಅದೇ ಗೋಡೆಯ ಮೇಲಿರುವ ಕ್ರಿಸ್ತನ ಚಿತ್ರ ಎಂದು ಅದರ ಅಡಿಬರಹ ಹೇಳಿತ್ತು. ಅದನ್ನು ತಿದ್ದಬೇಕು. ಫೋಟೊದಲ್ಲಿ ಕಾಣುವುದು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟ ಬೆಳಕು. ಮೂಲ ಚಿತ್ರ ನೂರು ವರ್ಷಗಳಿಂದ ಬಾರ್ಸಿಲೋನಾದಲ್ಲಿದೆ. ಆಮೇಲೆ ವಾಚಕರ ಪತ್ರಗಳಲ್ಲಿ ಒಬ್ಬರು ಈ ತಪ್ಪನ್ನು ಸರಿಯಾಗಿಯೇ ಗುರುತಿಸಿದರು. ಆದರೆ ಪಟ್ಟಣದವರು ಹಳ್ಳಿಯಿಂದ ದೋಚಿಕೊಂಡು ಹೋದದ್ದನ್ನು ಮತ್ತೆ ಅದೇ ಗೋಡೆಗೆ ಅಂಟಿಸಬೇಕು ಎಂದೂ ಒತ್ತಾಯಿಸಿದರು. ಗೋಡೆಯಿಂದ ಚಿತ್ರ ಬಿಡಿಸುವುದೆಂದರೇನು ಎಂಬುದು ಗೊತ್ತಿದ್ದರೆ ಈ ಮಾತು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಆದ್ದರಿಂದ ಈ ದೀರ್ಘ ಪತ್ರ.

ತಾಉಲ್ ಇರುವುದು ಕ್ಯಾಟಲೋನಿಯಾದ ಲೆಯ್ದಾ ಪ್ರಾಂತ್ಯದಲ್ಲಿ, ಪಿರನೀಸ್ ಪರ್ವತಗಳ ಬೊಯಿ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ಊರಿನ ಅಂಚಿಗೆ ಸಾಂತ್ ಕ್ಲಿಮೆಂಟ್, ಮನೆಗಳ ನಡುವೆ ಸಾಂತಾ ಮಾರಿಯಾ. ಇಷ್ಟು ಪುಟ್ಟ ಊರಿಗೆ ಎರಡು ಚರ್ಚು, ಎರಡಕ್ಕೂ ಎತ್ತರದ ಗಂಟೆಗೋಪುರ. ಸಾಂತ್ ಕ್ಲಿಮೆಂಟ್‌ಗೆ ಪ್ರತಿಷ್ಠೆಯಾದ ದಿನಾಂಕ ನಮಗೆ ಖಚಿತವಾಗಿ ಗೊತ್ತಿರುವುದು ಒಂದು ಕಂಬದ ದಯೆಯಿಂದ. ಬಾರ್ಬಾಸ್ತ್ರೊದ ಬಿಷಪ್ ರಾಮೋನ್ ಬಂದು, ಬಲಿಪೀಠದಲ್ಲಿ ಸಂತ ಕೊರ್ನೇಲಿಯಸ್‌ನ ಅವಶೇಷಗಳನ್ನಿಟ್ಟು, ಹುತಾತ್ಮ ಸಂತ ಕ್ಲೆಮೆಂಟ್‌ನ ಹೆಸರಿನಲ್ಲಿ ಈ ಚರ್ಚನ್ನು ಪ್ರತಿಷ್ಠಾಪಿಸಿದರು ಎಂದು ಲ್ಯಾಟಿನ್‌ನಲ್ಲಿ ಆ ಕಂಬದ ಗಾರೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ. ದಿನ 1123ರ ಡಿಸೆಂಬರ್ 10. ಮರುದಿನ ಅದೇ ಬಿಷಪ್ ಸಾಂತಾ ಮಾರಿಯಾವನ್ನೂ ಪ್ರತಿಷ್ಠಾಪಿಸಿದರು. ಹನ್ನೆರಡನೇ ಶತಮಾನದ ಹಳ್ಳಿಯ ಚರ್ಚೊಂದಕ್ಕೆ ದಿನ, ತಿಂಗಳು, ವರ್ಷ ಮೂರೂ ಸಿಗುವುದು ಅಪರೂಪ. ಹಣ ಕಣಿವೆಯ ಎರಿಲ್ ಮನೆತನದ ಪ್ರಭುಗಳದು. ದಕ್ಷಿಣದ ಮುಸ್ಲಿಂ ರಾಜ್ಯಗಳ ಮೇಲಿನ ಯುದ್ಧಗಳಲ್ಲಿ ಅರಗಾನಿನ ದೊರೆಯ ಪರವಾಗಿ ಕಾದಾಡಿ ಗಳಿಸಿದ ಐಶ್ವರ್ಯ ಈ ಗೋಪುರಗಳಾಗಿ ನಿಂತಿತು.

ಕಟ್ಟಡದ ರಚನೆ ಸರಳ. ಮೂರು ಅಂಕಣ, ನಡುವೆ ಉರುಟಾದ ಕಲ್ಲುಗಾರೆಯ ಕಂಬಗಳ ಎರಡು ಸಾಲು, ಮೇಲೆ ಮರದ ತೊಲೆ ಜಂತಿಗಳ ಇಳಿಜಾರು ಮಾಡು, ಪೂರ್ವದ ತುದಿಯಲ್ಲಿ ಆಪ್ಸ್ ಎಂದು ಕರೆಯುವ ಮೂರು ಅರ್ಧವರ್ತುಲದ ಗೂಡುಗಳು. ಚೌಕಾಕಾರದ ಗೋಪುರ ಚರ್ಚಿನ ಮೈಗೆ ತಾಗಿದಂತಿದ್ದರೂ ತನ್ನಷ್ಟಕ್ಕೆ ತಾನು ನಿಂತಿದೆ. ಅಂತಸ್ತು ಅಂತಸ್ತಿಗೂ ಕಮಾನಿನ ಕಿಟಕಿಗಳು, ಅವುಗಳ ಮೇಲೆ ಉತ್ತರ ಇಟಲಿಯ ಲೊಂಬಾರ್ದಿಯಾದಿಂದ ಬಂದ ಕಿರುಗಮಾನುಗಳ ಪಟ್ಟಿ. ಮುಂದಿನ ಶತಮಾನಗಳಲ್ಲಿ ಕಣಿವೆಗೆ ಮತ್ತೆ ಅಂಥ ಹಣ ಬರಲಿಲ್ಲ. ಬಂದಿದ್ದರೆ ಇವನ್ನೆಲ್ಲ ಕೆಡವಿ ಹೊಸ ಶೈಲಿಯಲ್ಲಿ ಕಟ್ಟುತ್ತಿದ್ದರು. ಬಡತನವೇ ಇವನ್ನು ಉಳಿಸಿತು. 2000ದ ನವೆಂಬರ್‌ನಲ್ಲಿ ಯುನೆಸ್ಕೊ ಈ ಕಣಿವೆಯ ಒಂಬತ್ತು ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮುಖ್ಯವಾಗಿ ನೋಡಿದ್ದು ಈ ಅಖಂಡತೆಯನ್ನೇ.

ಇನ್ನು ಚಿತ್ರ. ನಡುವಿನ ಆಪ್ಸ್‌ನ ಗುಮ್ಮಟದ ತುಂಬ ಬಾದಾಮಿ ಆಕಾರದ ಪ್ರಭೆಯೊಳಗೆ ಕುಳಿತ ಕ್ರಿಸ್ತ. ಪಾದಗಳು ಭೂಮಿಯನ್ನು ಸೂಚಿಸುವ ಅರ್ಧಗೋಳದ ಮೇಲಿವೆ, ಬಲಗೈ ಆಶೀರ್ವಾದದ ಮುದ್ರೆಯಲ್ಲಿದೆ, ಎಡಗೈಯಲ್ಲಿ ತೆರೆದ ಪುಸ್ತಕ. ಅದರಲ್ಲಿ ‘ನಾನೇ ಲೋಕದ ಬೆಳಕು’ ಎಂಬ ಲ್ಯಾಟಿನ್ ವಾಕ್ಯ. ಇಕ್ಕೆಲದಲ್ಲಿ ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ, ಒಮೇಗಾ ತೂಗುತ್ತವೆ. ಸುತ್ತ ಯೇಸುವಿನ ಚರಿತ್ರೆ ಬರೆದ ನಾಲ್ವರು ಸುವಾರ್ತಾಕಾರರ ಲಾಂಛನಗಳು. ಇಲ್ಲಿ ಚಿತ್ರಕಾರ ತೋರಿದ ಸ್ವಾತಂತ್ರ್ಯ ಬೆರಗು ಹುಟ್ಟಿಸುತ್ತದೆ: ಒಬ್ಬ ದೇವದೂತ ಮಾರ್ಕನ ಸಿಂಹದ ಹಿಂಗಾಲನ್ನೂ ಇನ್ನೊಬ್ಬ ಲೂಕನ ಎತ್ತಿನ ಬಾಲವನ್ನೂ ಹಿಡಿದುಕೊಂಡಿದ್ದಾರೆ. ಪಕ್ಕದಲ್ಲಿರುವ ಸೆರಾಫಿಮರೆಂಬ ದೇವದೂತರ ರೆಕ್ಕೆಗಳ ತುಂಬ ಕಣ್ಣುಗಳು. ಕೆಳಗಿನ ಸಾಲಿನಲ್ಲಿ ಕಮಾನುಗಳಡಿ ಮಾತೆ ಮರಿಯ ಮತ್ತು ಅಪೊಸ್ತಲರು. ಮರಿಯ ಬರಿಗೈಯಿಂದ ಮುಟ್ಟದೆ ಮೇಲುಹೊದಿಕೆಯ ಸೆರಗಿನಲ್ಲಿ ಒಂದು ಬಟ್ಟಲನ್ನು ಹಿಡಿದಿದ್ದಾಳೆ, ಅದರಿಂದ ಕೆಂಪು ಕಿರಣಗಳು ಹೊಮ್ಮುತ್ತಿವೆ. ಮುಂದಿನ ಕಮಾನಿನ ಮೇಲೆ ಏಳು ಕಣ್ಣುಗಳ ಕುರಿಮರಿಯೂ ದೇವರ ಹಸ್ತವೂ ಇವೆ. ಇನ್ನೊಂದು ಕಡೆ ಬೈಬಲಿನ ಕಥೆಯೊಂದರಂತೆ ಶ್ರೀಮಂತನ ಬಾಗಿಲಲ್ಲಿ ಬಿದ್ದಿರುವ ಬಡ ಲಾಜರ, ಅವನ ಹುಣ್ಣು ನೆಕ್ಕುತ್ತಿರುವ ನಾಯಿ. ಇಡೀ ಚರ್ಚಿನಲ್ಲಿ ಮನಸ್ಸಿಗೆ ಅತಿ ಹತ್ತಿರವಾಗುವ ಚಿತ್ರ ಇದೇ ಎಂಬುದು ನನ್ನ ಅಭಿಪ್ರಾಯ.

ಚಿತ್ರಕಾರನ ಹೆಸರು ಗೊತ್ತಿಲ್ಲದ ಕಾರಣ ಅವನನ್ನು ‘ತಾಉಲ್‌ನ ಗುರು’ ಎಂದು ಕರೆಯುತ್ತಾರೆ. ಅರಗಾನಿನ ರೋದಾ ದೆ ಇಸಾಬೆನಾ ಕೆಥೆಡ್ರಲ್‌ನ ಚಿತ್ರಗಳಲ್ಲೂ ಇದೇ ಕೈ ಕಾಣುತ್ತದೆ. ಅವನ ಮುಖಗಳನ್ನು ನೋಡಿ: ಮೂಗು, ಹುಬ್ಬು, ಗಡ್ಡದ ಎಳೆಗಳು ಎಲ್ಲವೂ ಕೈವಾರ ಹಿಡಿದಂತೆ ಎಡಬಲ ಒಂದೇ ಅಳತೆ. ಕೆನ್ನೆಯ ಮೇಲೆ ಕೆಂಪು ಬೊಟ್ಟು. ಬಟ್ಟೆಯ ನೆರಿಗೆಗಳನ್ನು ಒಂದೇ ಬಣ್ಣದ ಗಾಢ, ಮಧ್ಯಮ, ತಿಳಿ ಛಾಯೆಗಳನ್ನು ಪಟ್ಟೆಪಟ್ಟೆಯಾಗಿ ಜೋಡಿಸಿ ತೋರಿಸಿದ್ದಾನೆ. ನೀಲಿಗೆ ಬಳಸಿದ್ದು ಪಿರನೀಸ್‌ನಲ್ಲೇ ಸಿಗುವ ಏರಿನೈಟ್ ಎಂಬ ಖನಿಜ. ದೂರದ ಅಫ್ಘಾನಿಸ್ತಾನದಿಂದ ಬರುತ್ತಿದ್ದ ದುಬಾರಿ ನೀಲಿಕಲ್ಲಿನ ಅಗತ್ಯ ಬೀಳಲಿಲ್ಲ.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಇಂಥ ಚಿತ್ರ ಗೋಡೆಗೆ ಹಿಡಿದುಕೊಳ್ಳುವುದು ಹೇಗೆ? ಮೊದಲು ಕಲ್ಲಿನ ಮೇಲೆ ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಎರಡು ಮೂರು ಪಾಲು ಮರಳು ಸೇರಿಸಿದ ಒರಟು ಗಾರೆ. ಅದರ ಮೇಲೆ ನಯವಾದ ತೆಳು ಗಾರೆ. ಈ ಎರಡನೆಯದು ಹಸಿಯಿರುವಾಗಲೇ ಬರೀ ನೀರಿನಲ್ಲಿ ಕಲಸಿದ ಬಣ್ಣ ಬಳಿಯುತ್ತಾರೆ. ಗಾರೆ ಒಣಗುತ್ತ ಹೋದಂತೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಹೊಸ ಕಲ್ಲಿನ ಹರಳುಗಳೊಳಗೆ ಸಿಕ್ಕಿಬೀಳುತ್ತವೆ, ಬೇರೆ ಅಂಟು ಬೇಕಿಲ್ಲ. ಆ ಕಾಲದ ಚಿತ್ರಕಾರರು ಅಟ್ಟಣಿಗೆಯ ಒಂದೊಂದು ಅಂತಸ್ತಿಗೆ ತಕ್ಕಂತೆ ಗೋಡೆಯ ಅಗಲಕ್ಕೂ ಅಡ್ಡಪಟ್ಟಿಯಾಗಿ ಗಾರೆ ಮೆತ್ತುತ್ತಿದ್ದರು. ಅಷ್ಟು ದೊಡ್ಡ ಪಟ್ಟಿ ಮುಗಿಯುವ ಮೊದಲೇ ಗಾರೆ ಒಣಗತೊಡಗುತ್ತದೆ. ಹಾಗಾಗಿ ಕಡೆಯ ಗೆರೆಗಳು, ಬಿಳಿಯ ಮಿಂಚು, ಕೆಲವು ನೀಲಿ ಭಾಗಗಳು ಒಣಗಾರೆಯ ಮೇಲೆ ಬೀಳುತ್ತವೆ. ಹಸಿಯಲ್ಲಿ ಹಾಕಿದ ಬಣ್ಣ ಕಲ್ಲಿನಷ್ಟು ಗಟ್ಟಿ. ಒಣಗಿದ ಮೇಲೆ ಹಾಕಿದ್ದು ಮೊದಲು ಉದುರುತ್ತದೆ. ಮುಂದಿನ ಕಷ್ಟಗಳೆಲ್ಲ ಹುಟ್ಟುವುದು ಈ ವ್ಯತ್ಯಾಸದಿಂದಲೇ.

1907ರಲ್ಲಿ ವಾಸ್ತುಶಿಲ್ಪಿ ಜೊಸೆಪ್ ಪುಯಿಗ್ ಇ ಕಾದಾಫಾಲ್ಕ್ ಅವರ ನೇತೃತ್ವದಲ್ಲಿ ಕ್ಯಾಟಲನ್ ಅಧ್ಯಯನ ಸಂಸ್ಥೆಯ ತಂಡವೊಂದು ಈ ಕಣಿವೆಗೆ ಹತ್ತಿ ಬಂದು ಚರ್ಚುಗಳನ್ನು ಅಳೆದು, ಫೋಟೊ ತೆಗೆದು ದಾಖಲಿಸಿತು. ಚಿತ್ರಗಳ ನಕಲು ಮಾಡಿಸಿ ಪ್ರಕಟಿಸುವ ಕೆಲಸವೂ ಶುರುವಾಯಿತು. ಪ್ರಕಟಣೆಯಿಂದ ವಿದ್ವಾಂಸರಿಗೆ ತಿಳಿದದ್ದು ವ್ಯಾಪಾರಿಗಳಿಗೂ ತಿಳಿಯಿತು. 1919ರಲ್ಲಿ ಸಾಂತಾ ಮಾರಿಯಾ ದೆ ಮೂರ್ ಎಂಬ ಇನ್ನೊಂದು ಚರ್ಚಿನ ಆಪ್ಸ್ ಚಿತ್ರ ಮಾರಾಟವಾಗಿ, ಇಟಲಿಯ ಬೆರ್ಗಾಮೊದ ಫ್ರಾಂಕೊ ಸ್ತೆಫನೋನಿ ಮತ್ತವರ ಸಂಗಡಿಗರು ಅದನ್ನು ಗೋಡೆಯಿಂದ ಬಿಡಿಸಿದರು. ಇಂದು ಅದು ಅಮೆರಿಕದ ಬಾಸ್ಟನ್ ಲಲಿತಕಲಾ ಮ್ಯೂಸಿಯಂನಲ್ಲಿದೆ. ಆಗ ಅದನ್ನು ತಡೆಯುವ ಕಾನೂನು ಸ್ಪೇನ್‌ನಲ್ಲಿ ಇರಲಿಲ್ಲ. ಚರ್ಚಿನ ಪಾದ್ರಿ ಮಾರಿದರೆ, ಕೊಳ್ಳುವವನು ಕೊಂಡರೆ, ವ್ಯವಹಾರ ಸಕ್ರಮವೇ.

ಬಾರ್ಸಿಲೋನಾದ ಮ್ಯೂಸಿಯಂ ಮಂಡಳಿ, ಮುಖ್ಯವಾಗಿ ಜೊವಾಕಿಮ್ ಫೋಲ್ಕ್ ಇ ತೊರೆಸ್, ಎದುರಿಸಿದ ಪ್ರಶ್ನೆ ಇದು: ಉಳಿದ ಚರ್ಚುಗಳಿಗೂ ಇದೇ ಗತಿಯಾಗುವುದನ್ನು ನೋಡುತ್ತ ಕೂರುವುದೇ, ಅಥವಾ ತಾವೇ ಕೊಂಡು, ತಾವೇ ಬಿಡಿಸಿ, ದೇಶದೊಳಗೇ ಉಳಿಸಿಕೊಳ್ಳುವುದೇ? ಎರಡನೆಯದನ್ನು ಆಯ್ದುಕೊಂಡರು. ಅದೇ ಇಟಾಲಿಯನ್ ಕುಶಲಿಗಳನ್ನು ಕರೆಸಿ 1919ರಿಂದ 1923ರವರೆಗೆ ಪಿರನೀಸ್‌ನ ಚರ್ಚುಗಳಿಂದ ಚಿತ್ರಗಳನ್ನು ಇಳಿಸಿದರು. ಆದ್ದರಿಂದ ‘ದೋಚಿದರು’ ಎಂಬ ಮಾತು ಇತಿಹಾಸಕ್ಕೆ ಅನ್ಯಾಯ. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ ಎಂದೇ ನಾನು ನಂಬುತ್ತೇನೆ. ಹೀಗೆ ಉಳಿಸಿಕೊಳ್ಳದ ಕಡೆ ಏನಾಗುತ್ತಿತ್ತು ಎಂಬುದಕ್ಕೆ ಸೋರಿಯಾ ಪ್ರಾಂತ್ಯದ ಸಾನ್ ಬೌದೇಲಿಯೊ ದೆ ಬೆರ್ಲಾಂಗಾ ಎಂಬ ಚರ್ಚು ಸಾಕ್ಷಿ. ಅದರ ಚಿತ್ರಗಳು 1920ರ ದಶಕದಲ್ಲಿ ವ್ಯಾಪಾರಿಯ ಕೈಸೇರಿ ಅಮೆರಿಕಕ್ಕೆ ಹೋಗಿ ಹಲವು ಕಡೆ ಚದುರಿದವು. ಅವುಗಳಲ್ಲಿ ಕೆಲವನ್ನು ಮ್ಯಾಡ್ರಿಡ್‌ಗೆ ತರಿಸಿಕೊಳ್ಳಲು ಸ್ಪೇನ್ ಸರ್ಕಾರ ಸೆಗೊವಿಯಾ ಪ್ರಾಂತ್ಯದ ಫುಯೆಂತಿದುಯೆನ್ಯಾ ಚರ್ಚಿನ ಇಡೀ ಆಪ್ಸನ್ನೇ, ಸುಮಾರು 3,300 ಕಲ್ಲುಗಳಾಗಿ ಬಿಚ್ಚಿ, ನ್ಯೂಯಾರ್ಕಿಗೆ ಕೊಡಬೇಕಾಯಿತು.

ಬಿಡಿಸುವ ವಿಧಾನಕ್ಕೆ ಇಟಾಲಿಯನ್‌ನಲ್ಲಿ ‘ಸ್ತ್ರಾಪ್ಪೊ’ ಎನ್ನುತ್ತಾರೆ. ಗಾರೆಯ ಸಮೇತ ಕೊಯ್ದು ತೆಗೆಯುವ ವಿಧಾನ ಬೇರೆ. ಸ್ತ್ರಾಪ್ಪೊದಲ್ಲಿ ಬರುವುದು ಬಣ್ಣದ ಪೊರೆ ಮಾತ್ರ, ಒಂದು ಮಿಲಿಮೀಟರಿಗಿಂತ ತೆಳುವಾದದ್ದು. ಮೊದಲು ಧೂಳು, ಮಸಿ, ಮೇಲೆ ಬಳಿದ ಸುಣ್ಣ ಇವನ್ನೆಲ್ಲ ತೆಗೆಯಬೇಕು. ಸುಣ್ಣದ ಹಕ್ಕಳೆ ಉಳಿದರೆ ಅಂಟು ಹಿಡಿಯುವುದು ಅದನ್ನೇ, ಚಿತ್ರವನ್ನಲ್ಲ. ಆಮೇಲೆ ಪ್ರಾಣಿಗಳ ಚರ್ಮ ಮೂಳೆ ಬೇಯಿಸಿ ಮಾಡಿದ ಸರೇಸನ್ನು ಬಿಸಿಯಾಗಿ ಹಚ್ಚಿ, ತೆಳ್ಳನೆಯ ಹತ್ತಿಬಟ್ಟೆಯ ತುಂಡುಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಮೆತ್ತಬೇಕು. ಅದರ ಮೇಲೆ ಇನ್ನೊಂದು ದಪ್ಪ ಬಟ್ಟೆ. ಸರೇಸು ಒಣಗುತ್ತ ಬಲವಾಗಿ ಕುಗ್ಗುತ್ತದೆ. ಆ ಕುಗ್ಗುವಿಕೆಯ ಎಳೆತ ಬಣ್ಣವನ್ನು ಗಾರೆ ಹಿಡಿದಿರುವುದಕ್ಕಿಂತ ಹೆಚ್ಚಾದಾಗ ಪೊರೆ ಗೋಡೆ ಬಿಡುತ್ತದೆ. ಬದಿಗಳನ್ನು ಚಾಕುವಿನಿಂದ ಗೀರಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಕಿತ್ತು, ಸುರುಳಿ ಸುತ್ತುತ್ತಾರೆ. ಸುರುಳಿಗಳು ಪೆಟ್ಟಿಗೆ ಸೇರಿ, ರಸ್ತೆ ಸಿಗುವವರೆಗೆ ಹೇಸರಗತ್ತೆಗಳ ಮೇಲೆ ಇಳಿದು ಬಂದವು.

ಬಾರ್ಸಿಲೋನಾದಲ್ಲಿ ಕೆಲಸದ ಉಳಿದರ್ಧ. ಸುರುಳಿಯನ್ನು ಬೋರಲಾಗಿ ಹಾಸಿ, ಬೆನ್ನಿಗೆ ಅಂಟಿಬಂದ ಗಾರೆಯ ಚೂರುಗಳನ್ನು ಕೆರೆದು ಸಮಮಾಡಿ, ಸುಣ್ಣ ಮತ್ತು ಹಾಲಿನ ಕೇಸೀನ್ ಸೇರಿಸಿದ ಅಂಟಿನಿಂದ ಹೊಸ ಬಟ್ಟೆ ಕೂಡಿಸುತ್ತಾರೆ. ಈ ಅಂಟು ಒಮ್ಮೆ ಗಟ್ಟಿಯಾದರೆ ನೀರಿಗೆ ಕರಗದು. ಸರೇಸು ಕರಗುತ್ತದೆ. ಆದ್ದರಿಂದ ಬಿಸಿನೀರು ಹಾಕಿ ಮುಂದಿನ ಬಟ್ಟೆಯನ್ನು ಸುಲಿದರೆ ಚಿತ್ರ ಮತ್ತೆ ಹೊರಗೆ ಕಾಣುತ್ತದೆ. ಕೊನೆಗೆ ಆಪ್ಸ್‌ನ ಒಳಬಾಗಿದ ಆಕಾರಕ್ಕೆ ಸರಿಯಾಗಿ ಮರದ ಪಕ್ಕೆಲುಬುಗಳ ಚೌಕಟ್ಟು ಮಾಡಿ ಅದರೊಳಗೆ ಹೊಂದಿಸುತ್ತಾರೆ. ಸಾಂತ್ ಕ್ಲಿಮೆಂಟ್‌ನ ಮುಖ್ಯ ಆಪ್ಸ್ ಹೀಗೆ ಸುಮಾರು 620 ಸೆಂಟಿಮೀಟರ್ ಎತ್ತರ, 360 ಅಗಲ, 180 ಆಳದ ಮರದ ಚಿಪ್ಪಿನಲ್ಲಿ ಕೂತಿದೆ.

ಇದರಲ್ಲಿ ಕೆಡುವುದು ಹಲವು ರೀತಿ. ಹವೆ ಒದ್ದೆಯಾಗಿದ್ದರೆ ಸರೇಸು ಪೂರ್ತಿ ಒಣಗದೆ ಮೆತ್ತಗುಳಿದು, ಎಳೆದಾಗ ಬಣ್ಣ ತೇಪೆತೇಪೆಯಾಗಿ ಗೋಡೆಯಲ್ಲೇ ನಿಲ್ಲುತ್ತದೆ. ಜೊತೆಗೆ ಬೂಷ್ಟು ಹಿಡಿಯುತ್ತದೆ. ಸರೇಸು ಅತಿ ಗಟ್ಟಿಯಾಗಿದ್ದರೆ ಹೊತ್ತಿಗೆ ಮುಂಚೆಯೇ ಪೊರೆ ಸಿಡಿದು ಚೂರಾಗುತ್ತದೆ. ಒಣಗಾರೆಯ ಮೇಲೆ ಬರೆದ ಕಡೆಯ ಗೆರೆಗಳು ಬಿಸಿನೀರಿನಲ್ಲಿ ಹೋಗಿಬಿಡಬಹುದು. ಗುಮ್ಮಟದ ಬಾಗನ್ನು ಚಪ್ಪಟೆ ಬಟ್ಟೆಗೆ ಇಳಿಸುವುದು ಸಾಧ್ಯವಿಲ್ಲವಾದ್ದರಿಂದ ಚಿತ್ರವನ್ನು ತುಂಡುಗಳಾಗಿ ಬಿಡಿಸಬೇಕು, ಮತ್ತೆ ಕೂಡಿಸುವಾಗ ಸಂದುಗಳಿಗೆ ಬಣ್ಣ ತುಂಬಬೇಕು. ಎಲ್ಲ ಸರಿಹೋದರೂ ಒಂದು ನಷ್ಟ ತಪ್ಪದು: ಗಾರೆಯ ಉಬ್ಬುತಗ್ಗು, ಕರಣೆಯ ಗುರುತು, ಓರೆ ಬೆಳಕಿನಲ್ಲಿ ಮೈ ಮಿಡಿಯುವ ಆ ಗುಣ ಸತ್ತುಹೋಗುತ್ತದೆ. ಗೋಡೆಯಾಗಿದ್ದದ್ದು ಬಟ್ಟೆಯಾಗುತ್ತದೆ. ಇವತ್ತಿನ ಸಂರಕ್ಷಣಾ ಶಾಸ್ತ್ರದಲ್ಲಿ ಸ್ತ್ರಾಪ್ಪೊ ಕಟ್ಟಕಡೆಯ ಉಪಾಯವಾಗಿರುವುದು ಈ ಕಾರಣಕ್ಕೆ. ಕಟ್ಟಡ ಕುಸಿಯುವಂತಿದ್ದರೆ, ಅಣೆಕಟ್ಟೆಯಲ್ಲಿ ಮುಳುಗುವಂತಿದ್ದರೆ ಮಾತ್ರ ಅದರ ಯೋಚನೆ.

ಗೋಡೆಯಲ್ಲಿ ಏನು ಉಳಿಯಿತು? ಸ್ತ್ರಾಪ್ಪೊ ಎಂದೂ ಬಣ್ಣವನ್ನು ಪೂರ್ತಿ ಕಿತ್ತು ತರುವುದಿಲ್ಲ. ಗಾರೆಯೊಳಕ್ಕೆ ಇಳಿದ ಬಣ್ಣದ ನೆರಳು ಉಳಿಯುತ್ತದೆ. ತಾಉಲ್‌ನಲ್ಲಿ ಅದಕ್ಕಿಂತ ಹೆಚ್ಚೇ ಉಳಿದಿತ್ತು, ಏಕೆಂದರೆ ಸುಣ್ಣದ ಪದರಗಳ ಕೆಳಗಿದ್ದ ಭಾಗಗಳು ಇಟಾಲಿಯನ್ನರ ಕಣ್ಣಿಗೇ ಬಿದ್ದಿರಲಿಲ್ಲ. 1960ರ ಸುಮಾರಿಗೆ ಆಪ್ಸ್‌ನೊಳಗೆ ಗಾರೆ ಮೆತ್ತಿ ಮೂಲದ ನಕಲನ್ನು ಬರೆದರು. ಐವತ್ತು ವರ್ಷ ಪ್ರವಾಸಿಗರು ನೋಡಿದ್ದು ಅದನ್ನು. 2013ರಲ್ಲಿ ಆ ನಕಲನ್ನು ತೆಗೆದುಹಾಕಿ, ಕೆಳಗೆ ಉಳಿದಿದ್ದ ಹನ್ನೆರಡನೇ ಶತಮಾನದ ತುಣುಕುಗಳನ್ನು ಸ್ವಚ್ಛಮಾಡಿ ಭದ್ರಪಡಿಸಿದರು. ಕಾಯಿನನು ತಮ್ಮ ಅಬೇಲನನ್ನು ಕೊಲ್ಲುವ ದೃಶ್ಯ ಈಗ ಸ್ಥಳದಲ್ಲೇ ನೋಡಸಿಗುತ್ತದೆ. ಇಲ್ಲದ ಭಾಗಗಳಿಗೆ ಬಣ್ಣ ಹಚ್ಚದೆ, ಪ್ರೊಜೆಕ್ಟರ್‌ಗಳಿಂದ ಸುಮಾರು ಹತ್ತು ನಿಮಿಷ ಚಿತ್ರವನ್ನು ಹಂತಹಂತವಾಗಿ ಬೆಳಕಿನಲ್ಲಿ ಬರೆದು ತೋರಿಸುತ್ತಾರೆ: ಮೊದಲು ಗೆರೆ, ಆಮೇಲೆ ಬಣ್ಣ, ಕೊನೆಗೆ 1123ರಲ್ಲಿ ಇದ್ದಂತೆ ಇಡೀ ಆಪ್ಸ್. ಬೆಳಕು ಆರಿದಾಗ ಗೋಡೆ ತನ್ನ ನಿಜಸ್ಥಿತಿಯಲ್ಲಿ ಕಾಣುತ್ತದೆ. ನಕಲಿಗಿಂತ ಇದು ಎಷ್ಟೋ ಪ್ರಾಮಾಣಿಕ. ಪುರವಣಿಯ ಫೋಟೊ ಈ ಹತ್ತು ನಿಮಿಷಗಳದು.

ಹಾಗಾದರೆ ಮೂಲವನ್ನು ವಾಪಸ್ ತರಬಹುದೇ? ತಂದರೆ ಅದರ ಮರದ ಚಿಪ್ಪನ್ನು ಆಪ್ಸ್‌ನೊಳಗೆ ನಿಲ್ಲಿಸಬೇಕು. ಆಗ ಗೋಡೆಯ ಮೇಲೆ ಉಳಿದಿರುವ ಮೂಲ ತುಣುಕುಗಳು ಅದರ ಹಿಂದೆ ಮುಚ್ಚಿಹೋಗುತ್ತವೆ. ಒಂದು ಮೂಲಕ್ಕಾಗಿ ಇನ್ನೊಂದು ಮೂಲವನ್ನು ಮರೆಮಾಡಿದಂತಾಯಿತು. ಬಟ್ಟೆಯಿಂದ ಬಿಡಿಸಿ ಗಾರೆಗೇ ಮತ್ತೆ ಅಂಟಿಸೋಣವೆಂದರೆ ಕರಗದ ಕೇಸೀನ್ ಅಡ್ಡ ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಹವೆಯದು. ಬಟ್ಟೆ, ಕೇಸೀನ್, ಮರ ಮೂರೂ ತೇವಾಂಶ ಏರಿದಾಗ ಹಿಗ್ಗಿ ಇಳಿದಾಗ ಕುಗ್ಗುತ್ತವೆ, ಅದೂ ಬೇರೆ ಬೇರೆ ಪ್ರಮಾಣದಲ್ಲಿ. ಮೇಲಿರುವ ಸುಣ್ಣದ ಪೊರೆ ಅವುಗಳ ಜೊತೆ ಹಿಗ್ಗಲಾರದೆ ಬಿರುಕು ಬಿಟ್ಟು ಹಕ್ಕಳೆಯಾಗಿ ಏಳುತ್ತದೆ. ಚಳಿಗಾಲವಿಡೀ ಹಿಮ ಬೀಳುವ ಊರಿನಲ್ಲಿ, ಬಾಗಿಲು ತೆರೆದು ಮುಚ್ಚುವ ಕಲ್ಲಿನ ಕಟ್ಟಡದಲ್ಲಿ ಈ ಏರಿಳಿತ ತಡೆಯಲು ಚರ್ಚನ್ನೇ ಗಾಜಿನ ಕೋಣೆಯಾಗಿಸಬೇಕು. ಗೋಡೆಯಲ್ಲಿದ್ದಾಗ ಎಂಟುನೂರು ವರ್ಷ ಇದೇ ಚಳಿಯನ್ನು ತಾಳಿಕೊಂಡ ಚಿತ್ರ ಈಗ ತಾಳದಿರುವುದು ವಿಚಿತ್ರವೆನಿಸಬಹುದು. ಆಗ ಅದು ಕಲ್ಲಿನ ಭಾಗವಾಗಿತ್ತು, ಕಲ್ಲಿನೊಡನೆ ಬಿಸಿಯಾಗಿ ಕಲ್ಲಿನೊಡನೆ ತಣ್ಣಗಾಗುತ್ತಿತ್ತು.

ಇದು ಬರೀ ಪುಸ್ತಕದ ವಾದವಲ್ಲ. ಅರಗಾನಿನ ಸಿಹೇನಾ ಕನ್ಯಾಮಠದ ಭಿತ್ತಿಚಿತ್ರಗಳ ಬಗ್ಗೆ ಸ್ಪೇನ್ ಇಂದು ಇದೇ ಪ್ರಶ್ನೆಯನ್ನು ಎದುರಿಸುತ್ತಿದೆ. 1936ರಲ್ಲಿ, ಅಂತರ್ಯುದ್ಧದ ಆರಂಭದಲ್ಲಿ ಮಠಕ್ಕೆ ಬೆಂಕಿ ಬಿದ್ದು ಅವುಗಳ ಬಣ್ಣವೇ ಬದಲಾಯಿತು. ಸುಟ್ಟು ಉಳಿದದ್ದನ್ನು ಕಲಾ ಇತಿಹಾಸಕಾರ ಜೊಸೆಪ್ ಗುದಿಯೊಲ್ ಬಿಡಿಸಿ ಕ್ಯಾಟಲೋನಿಯಾಕ್ಕೆ ಸಾಗಿಸಿದರು, ಅವು ಬಾರ್ಸಿಲೋನಾದ ಮ್ಯೂಸಿಯಂ ಸೇರಿದವು. 2025ರ ಮೇ ತಿಂಗಳಲ್ಲಿ ಸ್ಪೇನ್‌ನ ಸುಪ್ರೀಂ ಕೋರ್ಟ್ ಅವನ್ನು ಮಠಕ್ಕೆ ಹಿಂದಿರುಗಿಸಬೇಕೆಂಬ ತೀರ್ಪನ್ನು ಎತ್ತಿಹಿಡಿಯಿತು. ಅವು ಸಾಗಾಟವನ್ನು ತಾಳುವಷ್ಟು ಗಟ್ಟಿಯಿಲ್ಲ ಎಂಬುದು ಮ್ಯೂಸಿಯಂನ ಆತಂಕ. ಸಿಹೇನಾದ ಚಿತ್ರಗಳನ್ನು ಕೊಂಡದ್ದಲ್ಲ, ಯುದ್ಧದ ತುರ್ತಿನಲ್ಲಿ ಒಯ್ದದ್ದು. ತಾಉಲ್‌ನದು ಹಣ ಕೊಟ್ಟು ಪಡೆದದ್ದು. ಹಕ್ಕಿನ ಲೆಕ್ಕದಲ್ಲಿ ಎರಡೂ ಬೇರೆ ಬೇರೆ. ಒಂದರ ತೀರ್ಪನ್ನು ಇನ್ನೊಂದಕ್ಕೆ ಹಚ್ಚುವುದು ಸರಿಯಲ್ಲ.

ಸ್ಪೇನ್ ಪ್ರವಾಸ ಯೋಚಿಸುತ್ತಿರುವ ಓದುಗರಿಗೆ ಒಂದಿಷ್ಟು ಸೂಚನೆ. ಮೊದಲು ಬಾರ್ಸಿಲೋನಾದ ಮೊಂಜುಯಿಕ್ ಗುಡ್ಡದ ಮೇಲಿನ ಕ್ಯಾಟಲೋನಿಯಾ ರಾಷ್ಟ್ರೀಯ ಕಲಾ ಮ್ಯೂಸಿಯಂ ನೋಡಿ. ಶನಿವಾರ ಮಧ್ಯಾಹ್ನ 3ರ ನಂತರ ಮತ್ತು ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಆಪ್ಸ್‌ಗಳ ಮುಂದೆ ನಿಂತು ನೋಡಿದ ಮೇಲೆ ಹಿಂಬದಿಗೂ ಹೋಗಿ ಮರದ ಪಕ್ಕೆಲುಬುಗಳನ್ನು ನೋಡಿ, ಬಿಡಿಸುವ ವಿಧಾನ ಆಗ ಥಟ್ಟನೆ ಅರ್ಥವಾಗುತ್ತದೆ. 1123ರ ಬರಹವೂ ಅಲ್ಲೇ ಇದೆ. ಸಾಂತಾ ಮಾರಿಯಾದಿಂದ ತಂದ ದಾವೀದ ಮತ್ತು ಗೊಲ್ಯಾತರ ದೃಶ್ಯವನ್ನೂ ಬಿಡಬೇಡಿ. ತಾಉಲ್‌ಗೆ ರಸ್ತೆಯಲ್ಲಿ ನಾಲ್ಕು ಗಂಟೆಯಾದರೂ ಬೇಕು. ಪ್ರೊಜೆಕ್ಷನ್ ನಿಗದಿತ ಹೊತ್ತಿಗೆ ಮಾತ್ರ ನಡೆಯುವುದರಿಂದ ಸಮಯ ಮೊದಲೇ ವಿಚಾರಿಸಿಕೊಳ್ಳಿ. ಮುಗಿದ ಕೂಡಲೇ ಎದ್ದುಬರದೆ, ಬರಿಗೋಡೆಯ ಮೇಲಿನ ಮೂಲ ತುಣುಕುಗಳನ್ನು ಹುಡುಕಿ. ಅದೇ ಕಣಿವೆಯ ಎರಿಲ್ ಲಾ ವಾಲ್‌ನಲ್ಲಿ ಕ್ರಿಸ್ತನನ್ನು ಶಿಲುಬೆಯಿಂದ ಇಳಿಸುವ ಏಳು ಮರದ ಮೂರ್ತಿಗಳ ಪ್ರತಿಕೃತಿಯಿದೆ. ಮೂಲದಲ್ಲಿ ಐದು ವಿಕ್ ಪಟ್ಟಣದ ಬಿಷಪರ ಮ್ಯೂಸಿಯಂನಲ್ಲಿವೆ, ಎರಡು ಬಾರ್ಸಿಲೋನಾದಲ್ಲಿವೆ.

ಇತಿ,
ಭಿತ್ತಿಚಿತ್ರ ಸಂರಕ್ಷಣೆಯಲ್ಲಿ ತೊಡಗಿರುವ ಓದುಗ, ಮೈಸೂರು